ನೆಲ ಡೊಂಕಿರಲಿಲ್ಲ

ನನ್ನ ಕುದುರೆ ಸೋಮಾರಿ ಎಂದು ನಾನು ದೂರಿದ್ದು ಮೂರನೆಯ ಪಾಠದ ದಿನ.

'ನನ್ನ' ಎಂದರೆ ಗಂಟೆಗಿಷ್ಟು ಎಂದು ಹಣ ಕೊಟ್ಟು ಹತ್ತುವ ಕುದುರೆ. ಸಂಶೋಧನೆಗೆಂದು ಜರ್ಮನಿಯ ಗ್ಯೋಟಿಂಗನ್‌ಗೆ ಬಂದ ಮೇಲೆ ಊರಾಚೆಯ ಸಣ್ಣದೊಂದು ಸವಾರಿ ಕ್ಲಬ್ಬಿಗೆ ಶನಿವಾರಗಳಂದು ಹೋಗತೊಡಗಿದ್ದೆ. ಅಲ್ಲಿ ನರ್ಸು, ಬಡಗಿ, ನಿವೃತ್ತ ಮೇಷ್ಟ್ರು, ಶಾಲೆಯ ಮಕ್ಕಳು ಎಲ್ಲರೂ ಡ್ರೆಸ್ಸಾಜ್ ಕಲಿಯುತ್ತಾರೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಚಿನ್ನ ಗೆದ್ದಾಗ ಈ ಹೆಸರು ಮೊದಲ ಸಲ ಕೇಳಿದ್ದೆ. ಕೋಟು ತೊಟ್ಟವರು ಕೋಟಿ ಬೆಲೆಯ ಕುದುರೆಗಳನ್ನು ಸಂಗೀತಕ್ಕೆ ಕುಣಿಸುವ ಆಟ ಅಂದುಕೊಂಡಿದ್ದೆ. ಆ ಫ್ರೆಂಚ್ ಪದದ ಅರ್ಥ ಬರೀ 'ತರಬೇತಿ' ಎಂದು ತಿಳಿದದ್ದು ಇಲ್ಲಿ. ನನ್ನ ಪಾಲಿಗೆ ಬಂದದ್ದು ಹದಿನೇಳು ವರ್ಷದ ಒಂದು ಹಾಫ್ಲಿಂಗರ್: ಹೊಂಗಂದು ಮೈ, ಬಿಳಿ ಕೇಸರ, ಗಿಡ್ಡ ಕಾಲು. ಆಲ್ಪ್ಸ್ ಬೆಟ್ಟಗಳಲ್ಲಿ ಹೊರೆ ಹೊತ್ತವರ ವಂಶ.

ಅಂದಿನ ಪಾಠ ಸುಲಭದ್ದು. ಇಪ್ಪತ್ತು ಮೀಟರ್ ಅಗಲ, ನಲವತ್ತು ಮೀಟರ್ ಉದ್ದದ ಮರಳಿನ ಅಂಗಳ. ಅದರ ಅರ್ಧದಲ್ಲಿ ಇಪ್ಪತ್ತು ಮೀಟರಿನ ಒಂದು ವೃತ್ತ ಹಾಕಬೇಕು. ನನ್ನದು ಪ್ರತಿ ಸಲವೂ ಮೊಟ್ಟೆಯಾಗುತ್ತಿತ್ತು. ಹಿಮ್ಮಡಿಯಿಂದ ಒತ್ತಿದರೆ ಕುದುರೆ ಎರಡು ಹೆಜ್ಜೆ ಹಾಕಿ ನಿಂತುಬಿಡುತ್ತಿತ್ತು. "ಇವನು ಸೋಮಾರಿ" ಎಂದೆ.

ಅರವತ್ತು ದಾಟಿದ ನಮ್ಮ ಟೀಚರ್ ಹತ್ತಿರ ಬಂದರು. "ನಿನ್ನ ಕಾಲು ಹೋಗು ಅನ್ನುತ್ತಿದೆ. ಕೈ ನಿಲ್ಲು ಅನ್ನುತ್ತಿದೆ. ಅವನು ಎರಡೂ ಮಾತು ಕೇಳಿದ್ದಾನೆ."

ನೋಡಿಕೊಂಡರೆ ನಿಜ. ಬೀಳುವ ಭಯಕ್ಕೆ ಲಗಾಮನ್ನು ಎದೆಗೆ ಎಳೆದು ಹಿಡಿದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲಕ್ಕೆ ನಾಲ್ಕು ಕಾಲಿದ್ದವು, ಅಷ್ಟೇ.

ಮುಂದಿನ ವಾರ ಅವರು ಲಗಾಮನ್ನೂ ರಿಕಾಪನ್ನೂ ಕಿತ್ತುಕೊಂಡರು. ಕುದುರೆಗೆ ಉದ್ದನೆಯ ಹಗ್ಗ ಕಟ್ಟಿ ತಾವು ನಡುವೆ ನಿಂತರು. ಅದು ಸುತ್ತುತ್ತಿರಬೇಕು, ನಾನು ಸುಮ್ಮನೆ ಕೂತಿರಬೇಕು. ವಿಯೆನ್ನಾದ ಹೆಸರಾಂತ ಸ್ಪ್ಯಾನಿಷ್ ಸವಾರಿ ಶಾಲೆಯಲ್ಲೂ ಹೊಸಬರ ಕಲಿಕೆ ಹೀಗೇ ಶುರುವಾಗುತ್ತದಂತೆ. ಹಿಡಿಯಲು ಏನೂ ಇಲ್ಲದಾಗ ಮೊದಲ ಸಲ ಕುದುರೆಯ ಬೆನ್ನು ಗೊತ್ತಾಯಿತು. ನಾನು ಉಸಿರು ಬಿಗಿಹಿಡಿದರೆ ಅದರ ನಡೆ ಚಿಕ್ಕದಾಗುತ್ತಿತ್ತು. ಬಿಟ್ಟರೆ ಬೆನ್ನು ತೂಗುತ್ತಿತ್ತು. ಮೈಮೇಲೆ ನೊಣ ಕೂತರೂ ತಿಳಿಯುವ ಪ್ರಾಣಿಯನ್ನು ನಾನು ಹಿಮ್ಮಡಿಯಿಂದ ಗುದ್ದುತ್ತಿದ್ದೆ. ಟೀಚರ್ ಹೇಳುತ್ತಿದ್ದುದು ಒಂದೇ ಮಾತು: ಮೆಲ್ಲಗೆ ಕೇಳು, ಅವನು ಉತ್ತರ ಕೊಟ್ಟ ಕ್ಷಣವೇ ಕೇಳುವುದನ್ನು ನಿಲ್ಲಿಸು. ಆ ಬಿಡುವೇ ಅವನಿಗೆ ಬಹುಮಾನ.

ಲಾಯದಲ್ಲಿ ಜೀನು ಒರೆಸುವಾಗ ಅವರು ಲಿಸ್ ಹಾರ್ಟೆಲ್ ಕಥೆ ಹೇಳಿದರು. ಒಲಿಂಪಿಕ್ಸ್‌ನಲ್ಲಿ ಡ್ರೆಸ್ಸಾಜ್ ಒಂದು ಕಾಲಕ್ಕೆ ಸೇನಾಧಿಕಾರಿಗಳಿಗಷ್ಟೇ ಮೀಸಲಾಗಿತ್ತು. 1948ರಲ್ಲಿ ಚಿನ್ನ ಗೆದ್ದ ಸ್ವೀಡನ್ ತಂಡ, ಅದರ ಒಬ್ಬ ಸವಾರ ನಿಜಕ್ಕೂ ಅಧಿಕಾರಿಯಲ್ಲ, ಸಾರ್ಜೆಂಟ್ ಎಂಬ ಕಾರಣಕ್ಕೆ ಮರುವರ್ಷ ಪದಕ ಕಳೆದುಕೊಂಡಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಬಾಗಿಲು ತೆರೆಯಿತು. ಪೋಲಿಯೊದಿಂದ ಮಂಡಿಯ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಹಾರ್ಟೆಲ್ ಅಲ್ಲಿ ಬೆಳ್ಳಿ ಗೆದ್ದರು. ಕಾಲಿನಿಂದ ಹೇಳಲಾಗದ್ದನ್ನು ಬೆನ್ನಿನಿಂದ, ಮೈಭಾರದಿಂದ ಹೇಳಿದರು. ಜುಬಿಲಿ ಎಂಬ ಹೆಣ್ಣು ಕುದುರೆ ಆ ಹೊಸ ಭಾಷೆ ಕಲಿತಿತ್ತು.

ಅಂದು ವಾಪಸು ಬರುವಾಗ ಬಸ್ಸಿನಲ್ಲಿ ನೆನಪಾದದ್ದು ಹಾರ್ಟೆಲ್ ಅಲ್ಲ, ಒಬ್ಬ ಹುಡುಗ. ಇಲ್ಲಿಗೆ ಬರುವ ಮೊದಲು ಒಂದು ವರ್ಷ ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸ ಮಾಡಿದ್ದೆ. ಅವನು ಮೊದಲ ಬಸ್ಸಿಗೆ ಬಂದು ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ. ಮಾತಾಡು, ಹೆದರಬೇಡ ಎಂದು ದಿನವೂ ಎಬ್ಬಿಸಿ ನಿಲ್ಲಿಸುತ್ತಿದ್ದೆ. ಬಾಯಿ ತೆರೆದ ತಕ್ಷಣ ಇಂಗ್ಲಿಷ್ ತಿದ್ದುತ್ತಿದ್ದೆ. ಹೋಗು, ನಿಲ್ಲು. ಕೆಲವು ವಾರಗಳಲ್ಲಿ ಅವನು ಎದ್ದು ನಿಂತು ನೆಲ ನೋಡುವಷ್ಟಕ್ಕೆ ಬಂದ. ಆಮೇಲೆ ಆ ಬೆಂಚು ಖಾಲಿಯಾಯಿತು. ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದಾಗ "ಆಸಕ್ತಿ ಇಲ್ಲ ಸಾರ್ ಅವನಿಗೆ" ಎಂದಿದ್ದೆ. ಸೋಮಾರಿ ಎಂಬ ಪದಕ್ಕೆ ಮೇಷ್ಟ್ರುಗಳು ಬಳಸುವ ಸಭ್ಯ ರೂಪ ಅದು.

ಅವನಿಗೆ ಬೇರೆ ಕಷ್ಟಗಳೂ ಇದ್ದಿರಬಹುದು. ನಾನು ವಿಚಾರಿಸಲಿಲ್ಲ. ಕುದುರೆಗೆ ಮುಂದಿನ ಶನಿವಾರವಿದೆ. ಗಟ್ಟಿಯಾದ ನನ್ನ ಕೈಯನ್ನು ಅದು ಏಳು ದಿನಗಳಲ್ಲಿ ಕ್ಷಮಿಸಿಬಿಡುತ್ತದೆ. ಆ ಹುಡುಗನಿಗೆ ಇದ್ದದ್ದು ಒಂದೇ ಡಿಗ್ರಿ.

ಈಗ ಇಲ್ಲಿ ಮೊದಲ ವರ್ಷದವರಿಗೆ ವಾರಕ್ಕೊಂದು ಟ್ಯುಟೋರಿಯಲ್ ತೆಗೆದುಕೊಳ್ಳುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಮೇಜಿನ ಕೆಳಗೆ ಕೈ ಸಡಿಲ ಬಿಟ್ಟು ಕಾಯುತ್ತೇನೆ. ಅರ್ಧಂಬರ್ಧ ಉತ್ತರ ಬಂದರೂ ಅದು ಮುಗಿಯುವವರೆಗೆ ತಿದ್ದುವುದಿಲ್ಲ. ಯಾವಾಗಲೂ ಆಗುತ್ತದೆ ಎಂದಲ್ಲ.

ಕಳೆದ ಶನಿವಾರ ವೃತ್ತ ಮುಕ್ಕಾಲು ಪಾಲು ದುಂಡಗೆ ಬಂತು. ಇಳಿದು ಮರಳಿನ ಮೇಲಿನ ಗೊರಸಿನ ಗುರುತು ನೋಡಿದೆ. ಉಳಿದ ಕಾಲು ಭಾಗದಲ್ಲಿ, ನಾನು ಲಗಾಮು ಎಳೆದ ಕಡೆಯೇ, ಅದು ಒಳಗೆ ಬಾಗಿತ್ತು.