ಮೇಷ್ಟ್ರಾಗಲು ಹೊರಟವರ ಮನೆಯಲ್ಲಿ: ಕೆಲವು ಟಿಪ್ಪಣಿಗಳು

1
ಬೆಂಗಳೂರಿನ ನಾಗರಬಾವಿಯ ಒಂದು ಮನೆ. ಗಂಡ ಎಂಜಿನಿಯರ್, ನಲವತ್ತು ದಾಟಿದೆ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವ ಆಸೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಪಟ್ಟಿ: ಮನೆ ಸಾಲದ ಕಂತು, ಮಗಳ ಫೀಸು, ಅಮ್ಮನ ಶುಗರ್ ಮಾತ್ರೆ, ಎಲ್‌ಐಸಿ. ಎಲ್ಲದರ ಮುಂದೆ ಮೊತ್ತ ಇದೆ. ಕೊನೆಯ ಸಾಲು ‘ಬಿ.ಎಡ್.’ ಅದರ ಮುಂದೆ ಏನೂ ಬರೆದಿಲ್ಲ.

2
‘ಒಂದು ವರ್ಷ ತಾನೆ’ ಎನ್ನುತ್ತಾರೆ ನೆಂಟರು. ಅದು ಅವರ ಕಾಲದ ಬಿ.ಎಡ್. 2015ರಿಂದ ಎರಡು ವರ್ಷ.

3
‘ಕರೆಸ್ಪಾಂಡೆನ್ಸ್‌ನಲ್ಲಿ ಮಾಡಿಕೊಳ್ಳಿ’ ಎನ್ನುವವರೂ ಇದ್ದಾರೆ. ದೂರಶಿಕ್ಷಣದ ಬಿ.ಎಡ್. ಇರುವುದು ಆಗಲೇ ಶಿಕ್ಷಕ ತರಬೇತಿ ಮುಗಿಸಿದವರಿಗೆ. ಹೊರಗಿನಿಂದ ಬರುವವರು ಕಾಲೇಜಿಗೆ ಹೋಗಲೇಬೇಕು. ಹಾಜರಾತಿ ತರಗತಿಗೆ ಶೇ. 80, ಶಾಲೆಯಲ್ಲಿನ ಇಂಟರ್ನ್‌ಶಿಪ್ಪಿಗೆ ಶೇ. 90. ನಿಯಮ ಸರಿಯೇ ಅನಿಸುತ್ತದೆ. ಮಕ್ಕಳೆದುರು ನಿಲ್ಲದೆ ಪಾಠ ಮಾಡಲು ಬರುವುದಿಲ್ಲ. ಆದರೆ ದುಡಿಯುವವರು ಆ ಎರಡು ವರ್ಷ ಮನೆ ಹೇಗೆ ನಡೆಸಬೇಕು ಎಂಬುದು ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಕಾಣಲಿಲ್ಲ.

4
ಬಿ.ಇ. ಮಾಡಿದವರು ಬಿ.ಎಡ್. ಸೇರಲು ಶೇ. 55 ಅಂಕ ಬೇಕು. ಬೀರುವಿನಿಂದ ಮಾರ್ಕ್ಸ್ ಕಾರ್ಡ್ ಹೊರಬಂತು, ಲ್ಯಾಮಿನೇಷನ್ ಅಂಚಿನಲ್ಲಿ ಬಿಟ್ಟುಕೊಂಡಿತ್ತು. ಮಗಳು ಪ್ರತಿ ಸೆಮಿಸ್ಟರಿನ ಅಂಕವನ್ನೂ ಗಟ್ಟಿಯಾಗಿ ಓದಿದಳು.

5
ಒಂದರಿಂದ ಐದನೇ ತರಗತಿಗೆ ಬಿ.ಎಡ್. ಸಾಲದು ಎಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಂಜಿನಿಯರಿಗೆ ಸಣ್ಣ ಮಕ್ಕಳೆಂದರೆ ಇನ್ನೂ ಇಷ್ಟ.

6
ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿ: 150 ಪ್ರಶ್ನೆ, 150 ನಿಮಿಷ. ಸಾಮಾನ್ಯ ವರ್ಗದವರು ಪಾಸಾಗಲು 90 ಅಂಕ. ಕನ್ನಡದ ಪ್ರಶ್ನೆಗಳೂ ಇವೆ. ಊಟದ ಮೇಜಿನ ಮೇಲೆ ಒಂದೇ ವ್ಯಾಕರಣ ಪುಸ್ತಕ. ರಾತ್ರಿ ಎಂಟರವರೆಗೆ ಮಗಳದ್ದು, ಆಮೇಲೆ ಅಪ್ಪನದ್ದು. ಆಗಮ ಸಂಧಿಯ ಪುಟದಲ್ಲಿ ಇಬ್ಬರೂ ಪೆನ್ಸಿಲ್ ಗುರುತು ಹಾಕಿದ್ದಾರೆ, ಬೇರೆ ಬೇರೆ ಕಡೆ.

7
ಮಾವ ತಿಪಟೂರಿನಲ್ಲಿ ನಿವೃತ್ತ ಮೇಷ್ಟ್ರು. ಸಂತೆಗೆ ಹೋದರೆ ತೆಂಗಿನಕಾಯಿ ವ್ಯಾಪಾರಿ ಎದ್ದು ನಿಂತು ಕೈಮುಗಿಯುತ್ತಾನೆ, ಹಳೆಯ ವಿದ್ಯಾರ್ಥಿ. ಆ ಮಾತು ತೆಗೆದರೆ ಮಾವನ ಮುಖ ಅರಳುತ್ತದೆ. ಅಳಿಯ ಮೇಷ್ಟ್ರಾಗುವುದಕ್ಕೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ವಿರೋಧ ಅವರದ್ದೇ. ‘ನನಗೆ ಪಿಂಚಣಿ ಬರುತ್ತೆ, ನಿಮಗೆ ಬರಲ್ಲ’ ಎಂದರು. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರು ಹಳೆಯ ಪಿಂಚಣಿಯ ಬದಲು ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಬರುತ್ತಾರೆ. ಅಷ್ಟೇ ಕಾರಣವೋ ಏನೋ ತಿಳಿಯಲಿಲ್ಲ. ಮುಂದೆ ಅವರು ಮಾತಾಡಲಿಲ್ಲ.

8
ಆದರ್ಶದ ಮಾತು ಬಂದಾಗಲೆಲ್ಲ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರ ಹೆಸರು ಬರುತ್ತದೆ. ಅವರು ಮದುವೆಯಾಗಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಬದುಕಿದರು.

9
ಅತಿಥಿ ಶಿಕ್ಷಕರ ಗೌರವಧನವನ್ನು 2025ರ ರಾಜ್ಯ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದರು. ಪ್ರಾಥಮಿಕ ಶಾಲೆಯಲ್ಲಿ ಅದು ತಿಂಗಳಿಗೆ 12,000 ಆಯಿತು. ಬೇಸಿಗೆ ರಜೆಗೆ ಅದೂ ಇಲ್ಲ. ಇಷ್ಟರಲ್ಲಿ ಸಂಸಾರ ಮಾಡುತ್ತಿರುವವರು ಸಾವಿರಾರು ಮಂದಿ, ದಿನವೂ ತರಗತಿಗೆ ಹೋಗುತ್ತಿದ್ದಾರೆ. ಅವರ ಲೆಕ್ಕವನ್ನು ಯಾರೂ ‘ತ್ಯಾಗ’ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಎಂಜಿನಿಯರ್ ಮೇಷ್ಟ್ರಾಗಲು ಯೋಚಿಸುತ್ತಿದ್ದಾರೆ ಎಂದ ಕೂಡಲೇ ಆ ಮಾತು ಬಂತು.

10
ಅದೇ ರಸ್ತೆಯಲ್ಲಿ ಒಬ್ಬಾಕೆ ಖಾಸಗಿ ಬ್ಯಾಂಕ್ ಬಿಟ್ಟು ಶಾಲೆ ಸೇರಿದರು. ಅತ್ತೆ ಮಾವನ ಖರ್ಚಿಗೂ ಅವರ ಸಂಬಳವೇ ಆಧಾರವಾಗಿತ್ತು. ‘ಒಳ್ಳೇದಾಯ್ತು, ಮಕ್ಕಳ ಜೊತೆಗೇ ಮನೆಗೆ ಬರಬಹುದು’ ಎಂದರು ಎಲ್ಲರೂ. ಮನೆ ಹೇಗೆ ನಡೆಯುತ್ತೆ ಎಂದು ಆಕೆಯನ್ನು ಯಾರೂ ಕೇಳಲಿಲ್ಲ.

ಆಕೆಯ ಶಾಲೆ ಶಿಕ್ಷಕರ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಕೊಡುತ್ತದೆ. ಸಂಬಳದ ಚೀಟಿಯಲ್ಲಿ ಅದು ಕಾಣುವುದಿಲ್ಲ. ಆಕೆ ಕೆಲಸ ಒಪ್ಪಿದ್ದು ಅದರಿಂದ.

11
ಶನಿವಾರ ಬೆಳಗಿನ ಶಾಲೆ. ಎಂಜಿನಿಯರ್ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಒಂದು ಪೀರಿಯಡ್ ತೆಗೆದುಕೊಳ್ಳುತ್ತಾರೆ. ಋಣ ಸಂಖ್ಯೆ ವಿವರಿಸಲು ಲಿಫ್ಟು, ಬೇಸ್‌ಮೆಂಟು ಎಂದು ಶುರು ಮಾಡಿದರು. ಮಕ್ಕಳು ಸುಮ್ಮನಿದ್ದರು. ಕೊನೆಯ ಬೆಂಚಿನ ಹುಡುಗ ‘ಸಾರ್, ಅಂಗಡೀಲಿ ಸಾಲ ಬರೆಸಿದ ಹಾಗಾ?’ ಎಂದ. ಆಮೇಲೆ ತರಗತಿ ಪೂರ್ತಿ ಸಾಲದ ಲೆಕ್ಕ. ಐದು ರೂಪಾಯಿ ಸಾಲ ಇದೆ, ಎಂಟು ಕೊಟ್ಟರೆ ಎಷ್ಟು ಉಳೀತು? ಎಲ್ಲರೂ ಕೈ ಎತ್ತಿದರು.

ಇನ್ನೊಬ್ಬಳು ಸಾರ್‌ಗೆ ಈಗ ಎಷ್ಟು ಸಂಬಳ ಎಂದು ಕೇಳಿದಳು. ಹೇಳಿದರು. ಯಾರೂ ನಂಬಲಿಲ್ಲ.

12
ಶನಿವಾರ ಮಧ್ಯಾಹ್ನ ಅವರು ಹೆಚ್ಚು ಊಟ ಮಾಡುತ್ತಾರೆ. ಹೇಳಿದ್ದು ಅವರ ತಾಯಿ.

13
ಹೆಂಡತಿಗೂ ಕೆಲಸವಿದೆ. ಕಂತಿಗೆ, ದಿನಸಿಗೆ ಆಕೆಯ ಸಂಬಳ ಸಾಕು, ಫೀಸಿಗೆ ಉಳಿತಾಯ ತೆಗೆಯಬೇಕು. ಇಷ್ಟನ್ನು ಆಕೆ ಆಗಲೇ ಕೂಡಿ ನೋಡಿದ್ದಾರೆ, ಪಟ್ಟಿಯಲ್ಲಿ ಬರೆದಿಲ್ಲ. ಆಕೆಯ ಚಿಂತೆ ಅತ್ತೆಯದು. ಆರೋಗ್ಯ ವಿಮೆ ಗಂಡನ ಕಂಪನಿಯದ್ದು. ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ಹೊಸ ಪಾಲಿಸಿ ತೆಗೆದರೆ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಬಿ.ಎಡ್.ಗಿಂತ ಒಂದು ವರ್ಷ ಹೆಚ್ಚು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು, ಕೆಲಸದಲ್ಲಿರುವಾಗಲೇ ಕೇಳುವುದು ಒಳ್ಳೆಯದು. ಇದನ್ನು ಹುಡುಕಿ ತಿಳಿದವರೂ ಆಕೆಯೇ.

‘ಬಿಡಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ ಕಣ್ರೀ. ರಾಜೀನಾಮೆ ಪತ್ರ ಆಮೇಲೆ. ಸೋಮವಾರ ಎಚ್‌ಆರ್ ಹತ್ರ ಅತ್ತೆ ಪಾಲಿಸಿ ವಿಚಾರಿಸಿ.’