ಓಕ್ ಮರಗಳ ನೆರಳಿನಲ್ಲಿ

ಲಾಸ್ ಏಂಜಲೀಸ್ ನಗರದ ಈಶಾನ್ಯಕ್ಕೆ, ಸ್ಯಾನ್ ಗೇಬ್ರಿಯಲ್ ಪರ್ವತಗಳ ತಪ್ಪಲಿನಲ್ಲಿ, ಹಹಮೊಂಗ್ನಾ ಎಂಬ ಉದ್ಯಾನವಿದೆ. ಓಕ್ ಗ್ರೋವ್ ಎಂಬುದು ಅದರ ಹಳೆಯ ಹೆಸರು. ಸನಿಹದಲ್ಲಿಯೇ ಮಂಗಳ, ಗುರು ಗ್ರಹಗಳಿಗೆ ನೌಕೆಗಳನ್ನು ಕಳುಹುವ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ. ಈಚೆಗೆ, ಮರಗಳ ನಡುವೆ, ಹಿರಿಯರೂ ಕಿರಿಯರೂ ಪ್ಲಾಸ್ಟಿಕ್ ತಟ್ಟೆಗಳನ್ನು ಎಸೆಯುತ್ತ, ಅವು ಬಿದ್ದೆಡೆಗೆ ನಡೆಯುತ್ತ ಬೆಳಗನ್ನು ಕಳೆಯುತ್ತಾರೆ. ಇದೇ ಡಿಸ್ಕ್ ಗಾಲ್ಫ್. ಈ ಆಟಕ್ಕೆ ಮೊಟ್ಟಮೊದಲ ಶಾಶ್ವತ ಅಂಗಳವನ್ನು ೧೯೭೫ರಲ್ಲಿ ಎಡ್ ಹೆಡ್ರಿಕ್ ಎಂಬಾತನು ಅಣಿಗೊಳಿಸಿದುದು ಇಲ್ಲಿಯೇ. ಆಗ ಗುರಿಯೆಂದರೆ ಬರಿಯ ಕಂಬ. ಮುಂದೆ ಸರಪಣಿಗಳನ್ನು ಇಳಿಬಿಟ್ಟ ಬುಟ್ಟಿಯನ್ನು ಆತನೇ ರೂಪಿಸಿ, ೧೯೭೭ರಲ್ಲಿ ಪೇಟೆಂಟ್ ಪಡೆದನು.

ಮಗಳ ಮನೆಗೆ ಬಂದಿದ್ದ ನಾನು ಮೊಮ್ಮಗನೊಡನೆ ಅಲ್ಲಿಗೆ ಹೋದೆನು. ಹಿಂದಿನ ವರ್ಷ ಜಾರಿಬಿದ್ದು ನನ್ನ ಬಲ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿಕೊಂಡಿದ್ದರೂ ಮನೆಯವರು ತುಂಬಿದ ತಂಬಿಗೆಯನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನನಗೂ ಆ ಕೈಯ ಮೇಲೆ ನಂಬಿಕೆ ಉಳಿದಿರಲಿಲ್ಲ.

ಹುಡುಗನ ಚೀಲದಲ್ಲಿ ಮೂರು ಜಾತಿಯ ತಟ್ಟೆಗಳಿದ್ದವು. ದೂರಕ್ಕೆಸೆಯುವ ಡ್ರೈವರಿನ ಅಂಚು ಅಗಲ, ಹರಿತ. ಬುಟ್ಟಿಯ ಹತ್ತಿರದಲ್ಲಿ ಬಳಸುವ ಪಟರಿನ ಅಂಚು ಮೊಂಡು. ಇವೆರಡರ ನಡುವಣದು ಮಿಡ್‌ರೇಂಜ್. ವಾಚಕರು ನಗಬಹುದು, ನಾನು ಮೊದಲು ಎತ್ತಿಕೊಂಡುದು ಡ್ರೈವರನ್ನೇ. ಅದು ಹತ್ತು ಮಾರು ಹೋಗುವಷ್ಟರಲ್ಲಿ ಎಡಕ್ಕೆ ಹೊರಳಿ ಪೊದೆಯನ್ನು ಸೇರಿತು.

“ತಾತ, ಅದಕ್ಕೆ ಬಹಳ ವೇಗ ಬೇಕು. ವೇಗ ಸಾಲದಿದ್ದರೆ ಹೀಗೆಯೇ,” ಎಂದು ಹುಡುಗನು ಮಿಡ್‌ರೇಂಜುಗಳನ್ನು ಹುಲ್ಲಿನ ಮೇಲೆ ಹರಡಿದನು.

ಅವುಗಳಲ್ಲಿಯೂ ಭೇದಗಳುಂಟು. ಇನ್ನೋವಾದವರ ರಾಕ್ ಬಲವಾದ ತೋಳಿಗೂ ಎದುರುಗಾಳಿಗೂ ಜಗ್ಗದು. ಆದರೆ ಬಲಗೈಯನ್ನು ಎಡದಿಂದ ಬೀಸಿ ಎಸೆದಾಗ ಕೊನೆಯಲ್ಲಿ ಎಡಕ್ಕೆ ವಾಲುವುದು ಅದರ ಸ್ವಭಾವ. ಡಿಸ್ಕ್ರಾಫ್ಟಿನವರ ಬಜ್ ಹೆಚ್ಚುಕಡಮೆ ನೇರವಾಗಿ ಸಾಗುವುದು. ೧೮೦ ಗ್ರಾಂ ತೂಗುವ ತಟ್ಟೆ ಗಾಳಿಯಲ್ಲಿ ಸ್ಥಿರ. ೧೬೦ರ ಆಸುಪಾಸಿನದು ದುರ್ಬಲವಾದ ತೋಳಿಗೆ ಸಲೀಸು. ಅಂಚು ಬೆರಳುಗಳಿಗೆ ಒದಗುವುದೇ ಎಂಬುದನ್ನೂ ಹಿಡಿದು ನೋಡಬೇಕು. ಒಟ್ಟಿನಲ್ಲಿ, ತೋಳನ್ನು ನೋಡಿ ತಟ್ಟೆಯನ್ನು ಆರಿಸಬೇಕೇ ಹೊರತು ಆಸೆಯನ್ನು ನೋಡಿ ಅಲ್ಲ.

ಹಗುರವಾದ ಬಜ್ ಒಂದನ್ನು ಆರಿಸಿಕೊಂಡೆನು. ಮೆಲ್ಲನೆ ಬೀಸಿದೆನು. ಅದು ಎರಡು ಓಕ್ ಮರಗಳ ನಡುವೆ, ನಾನು ನೋಡಿದ ದಾರಿಯಲ್ಲಿಯೇ ತೇಲಿಹೋಗಿ ಬುಟ್ಟಿಯಿಂದ ತುಸು ಈಚೆಗೆ ಇಳಿಯಿತು. ಮಣಿಕಟ್ಟು ನೋಯಲಿಲ್ಲ.

ಹೆಡ್ರಿಕ್ ೨೦೦೨ರಲ್ಲಿ ತೀರಿಕೊಂಡನು. ಆತನ ಇಚ್ಛೆಯಂತೆ ಚಿತಾಭಸ್ಮವನ್ನು ಬೆರೆಸಿ ತಟ್ಟೆಗಳನ್ನು ಮಾಡಿದರು. ಹರಿಯುವ ನೀರನ್ನು ಬಯಸುವ ನಮಗೆ ಇದು ವಿಚಿತ್ರವೆನಿಸೀತು. ಆ ಬೆಳಗು ಮರಗಳ ಕೆಳಗೆ ನಿಂತಿದ್ದ ನನಗೆ ಹಾಗೆನಿಸಲಿಲ್ಲ.

ಮನೆಗೆ ಮರಳಿದಾಗ ಮಗಳು ನೀರು ತಂದಳು. ತುಂಬಿದ ತಂಬಿಗೆಯನ್ನು ನಾನು ಬಲಗೈಯಿಂದಲೇ ತೆಗೆದುಕೊಂಡೆನು.