ದೊಡ್ಡಬೆಟ್ಟದ ಗಾಳಿಯಲ್ಲಿ ಒಂದು ದಿನ

ನೀಲಗಿರಿಯನ್ನು ನೋಡಲು ಹೋಗುವವರಲ್ಲಿ ಹೆಚ್ಚಿನವರು ಬೇಸಗೆಯಲ್ಲಿ ಹೋಗುತ್ತಾರೆ. ಬಯಲಿನ ಬಿಸಿಲಿಗೆ ಬೆಂದವರಿಗೆ ಆಗ ಅದು ಸ್ವರ್ಗಸಮಾನವೇ ಸರಿ. ಆದರೆ ಬೆಟ್ಟದ ನಿಜಸ್ವಭಾವವನ್ನು ಅರಿಯಬೇಕಾದರೆ ಕಾರ್ತಿಕವು ಮುಗಿದು ಮಾರ್ಗಶಿರವು ಕಾಲಿಡುವ ಸಂಧಿಕಾಲದಲ್ಲಿ ಅಲ್ಲಿಗೆ ಹೋಗಬೇಕು. ವಾಹನವನ್ನು ಬಿಟ್ಟು ಕಾಲ್ನಡಿಗೆಯಲ್ಲಿ ಹತ್ತಬೇಕು.

ದೊಡ್ಡಬೆಟ್ಟವು ನೀಲಗಿರಿಯ ಅತ್ಯುನ್ನತ ಶಿಖರ. ಅದರ ಎತ್ತರ ೨,೬೩೭ ಮೀಟರ್. ಕರ್ನಾಟಕದ ಮುಳ್ಳಯ್ಯನಗಿರಿಗಿಂತ ಸುಮಾರು ೭೦೦ ಮೀಟರ್ ಹೆಚ್ಚು. ಸಾವಿರ ಮೀಟರ್ ಮೇಲೇರಿದಂತೆ ಉಷ್ಣತೆಯು ಸುಮಾರು ಆರೂವರೆ ಡಿಗ್ರಿ ಇಳಿಯುವುದಾದ್ದರಿಂದ, ಬೆಟ್ಟದ ಬುಡದ ಮೇಟುಪಾಳ್ಯಕ್ಕೂ ಈ ಶಿಖರಕ್ಕೂ ಹದಿನೈದು ಡಿಗ್ರಿಯಷ್ಟು ಅಂತರವುಂಟು. ಮೇಲಾಗಿ ಈ ಮಲೆಗೆ ಎರಡು ಮಳೆಗಾಲಗಳು. ಜೂನ್‌ನಿಂದ ನೈಋತ್ಯದ ಮಳೆಯು ಪಡುವಣದ ಗೂಡಲೂರು, ಅವಲಾಂಚಿಗಳ ಕಡೆ ಸುರಿದರೆ, ಅಕ್ಟೋಬರ್‌ನಿಂದ ಈಶಾನ್ಯದ ಮಳೆಯು ಮೂಡಣದ ಕೂನೂರು, ಕೋತಗಿರಿಗಳ ಮೇಲೆ ಬೀಳುತ್ತದೆ. ನಾವು ಹೊರಟದ್ದು ಈ ಎರಡನೆಯ ಮಳೆಯ ನಡುವಣ ಬಿಡುವಿನಲ್ಲಿ.

ಸಂಗಡ ತಾಳವಾಡಿ ಕಡೆಯ ಉಪಾಧ್ಯಾಯ ಮಿತ್ರರೊಬ್ಬರಿದ್ದರು. ಉದಕಮಂಡಲದಿಂದ ಕೋತಗಿರಿಯ ದಾರಿ ಹಿಡಿದು ಬೆಳಗಿನ ಆರೂವರೆಗೆ ನಡೆಯತೊಡಗಿದೆವು. ಉಣ್ಣೆಯ ಅಂಗಿ, ಕಿವಿ ಮುಚ್ಚುವ ಟೋಪಿ, ಕುತ್ತಿಗೆಗೆ ಮಫ್ಲರು ಇಷ್ಟಿದ್ದರೂ ಬೆರಳ ತುದಿಗಳು ಮರಗಟ್ಟಿದ್ದವು. ತಗ್ಗಿನ ಹುಲ್ಲಿನ ಮೇಲೆ ಇಬ್ಬನಿಯು ಬೆಳ್ಳಗೆ ಹಾಸಿತ್ತು. ಮಂಜು ಬಂದು ದಾರಿಯನ್ನು ನುಂಗುವುದು, ಗಾಳಿ ಬಂದು ಅದನ್ನು ಸರಿಸುವುದು, ಹೀಗೆ ಮೈಲಿಗಟ್ಟಲೆ ನಡೆಯಿತು.

ನೀಲಗಿರಿಯ ಮೂಲರೂಪವು ಹುಲ್ಲುಗಾವಲು ಮತ್ತು ಶೋಲಾ ಕಾಡು. ದಿಣ್ಣೆಗಳ ಮೇಲೆಲ್ಲ ಹುಲ್ಲು. ಗಾಳಿ ತಾಕದ ಮಡಿಲುಗಳಲ್ಲಿ, ಹಳ್ಳದ ಮಗ್ಗುಲಲ್ಲಿ ಒತ್ತಾದ ಗಿಡ್ಡ ಮರಗಳ ಕಾಡು. ಆ ಮರಗಳ ಮೈಯೆಲ್ಲ ಪಾಚಿ. ಬಿದ್ದ ಮಳೆಯನ್ನು ಅಲ್ಲಿಯ ಮಣ್ಣು ಹೀರಿಟ್ಟುಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹನಿಹನಿಯಾಗಿ ಹಳ್ಳಕ್ಕೆ ಬಿಡುತ್ತದೆ. ಕೆಳಗೆ ಭವಾನಿ, ಮೋಯಾರ್ ನದಿಗಳು ಹರಿಯುವುದಕ್ಕೆ ಈ ಜಿನುಗು ಒಂದು ಮುಖ್ಯ ಕಾರಣ. ಭವಾನಿಯು ಕಡೆಗೆ ಸೇರುವುದು ನಮ್ಮ ಕಾವೇರಿಯನ್ನೇ.

ಆದರೆ ನಮ್ಮ ದಾರಿಯುದ್ದಕ್ಕೂ ಕಂಡದ್ದು ಹೆಚ್ಚಾಗಿ ನೀಲಗಿರಿ ಮರ. ಹೆಸರು ಈ ಬೆಟ್ಟದ್ದಾದರೂ ಮರವು ಆಸ್ಟ್ರೇಲಿಯದ್ದು! ೧೮೧೯ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಇಲ್ಲಿಗೆ ಬಂದ ಮೇಲೆ ಬಿಳಿಯರ ವಸತಿ ಬೆಳೆಯಿತು. ಸೌದೆಗೆಂದು ನೀಲಗಿರಿಯನ್ನೂ ವಾಟಲ್ ಮರವನ್ನೂ ತಂದು ನೆಟ್ಟರು. ೧೮೬೦ರ ದಶಕದಲ್ಲಿ ದೊಡ್ಡಬೆಟ್ಟದ ಇಳಿಜಾರಿನಲ್ಲಿಯೇ ಮಲೇರಿಯಾದ ಮದ್ದಾದ ಕ್ವಿನೈನಿಗಾಗಿ ದಕ್ಷಿಣ ಅಮೆರಿಕದ ಸಿಂಕೋನಾ ಮರಗಳನ್ನು ಬೆಳೆಸಲಾಯಿತು. ಸ್ವಾತಂತ್ರ್ಯದ ನಂತರವೂ ಕಾರ್ಖಾನೆಗಳಿಗೆಂದು ಹುಲ್ಲುಗಾವಲನ್ನು ನೆಡುತೋಪಾಗಿ ಮಾಡುವ ಕೆಲಸ ನಿಲ್ಲಲಿಲ್ಲ. ಈಚಿನ ವರ್ಷಗಳಲ್ಲಿ ಪರದೇಶದ ಮರಗಳನ್ನು ತೆಗೆದು ಹುಲ್ಲನ್ನೂ ಶೋಲಾವನ್ನೂ ಮರಳಿ ಬೆಳೆಸುವ ಯತ್ನಗಳು ನಡೆದಿವೆ. ಹುಲ್ಲನ್ನು ಪಾಳು ನೆಲವೆಂದು ಬಗೆದುದರ ಬೆಲೆ ಈಗ ಅರಿವಾಗುತ್ತಿದೆ.

ಒಂಬತ್ತೂವರೆಗೆ ನೆತ್ತಿಯನ್ನು ಮುಟ್ಟಿದೆವು. ಅಬ್ಬಾ, ಆ ಗಾಳಿ! ಈಶಾನ್ಯದಿಂದ ಒಂದೇ ಸಮನೆ ಬೀಸುತ್ತಿದ್ದ ಅದಕ್ಕೆ ಬೆನ್ನು ಕೊಟ್ಟು ನಿಲ್ಲುವುದೇ ಸಾಹಸವಾಯಿತು. ಕಟ್ಟಿ ತಂದ ಚಪಾತಿ ತಣ್ಣಗೆ ತೊಗಲಿನಂತಾಗಿತ್ತು. ಹಸಿವಿಗೆ ಅದೇ ಮೃಷ್ಟಾನ್ನ. ಹತ್ತು ನಿಮಿಷ ಮಾತ್ರ ಮೋಡ ಹರಿಯಿತು. ದಕ್ಷಿಣಕ್ಕೆ ಕೇತಿ ಕಣಿವೆ, ಅದರ ಮೆಟ್ಟಿಲು ಗದ್ದೆಗಳು, ಸಾಲು ಮನೆಗಳ ಹಟ್ಟಿಗಳು. ಉತ್ತರಕ್ಕೆ ಮೋಯಾರಿನ ಆಳ, ಅದರಾಚೆ ಮಸುಕಾದ ಮೈಸೂರು ಸೀಮೆ. “ನಮ್ಮೂರು ಆ ದಿಕ್ಕಿಗೇ ಇರುವುದು ನೋಡಿ” ಎಂದು ಮಿತ್ರರು ಈಶಾನ್ಯಕ್ಕೆ ಕೈಚಾಚಿದರು. ಮೇಲಿನಿಂದ ನೋಡಿದಾಗ ಯಾವ ರಾಜ್ಯದ ಗೆರೆಯೂ ಕಾಣಲಿಲ್ಲ.

ಇಳಿದು ಬಂದು ಕವಲುದಾರಿಯ ಚಹದ ಅಂಗಡಿಯಲ್ಲಿ ಕೈ ಕಾಯಿಸಿಕೊಳ್ಳುತ್ತಿದ್ದಾಗ ಬಿಳಿಯ ಬಟ್ಟೆ ಉಟ್ಟು ತಲೆಗೂ ಬಿಳಿಯ ವಸ್ತ್ರ ಕಟ್ಟಿದ್ದ ಬಡಗ ಅಜ್ಜಿಯೊಬ್ಬರು ನಮ್ಮ ಮಾತಿಗೆ ಕಿವಿಗೊಟ್ಟು ಹತ್ತಿರ ಬಂದರು. ಅವರು ತಮ್ಮ ನುಡಿಯಲ್ಲಿ, ನಾವು ನಮ್ಮ ನುಡಿಯಲ್ಲಿ. ಆದರೂ ನಡುವೆ ದುಭಾಷಿ ಬೇಕಾಗಲಿಲ್ಲ. ಅವರ ಬಾಲ್ಯದಲ್ಲಿ ಸಾಮೆ ಬೆಳೆಯುತ್ತಿದ್ದ ಹೊಲವೆಲ್ಲ ಈಗ ಚಹದ ತೋಟ. ಎಲೆಯ ಬೆಲೆ ಬಿದ್ದಾಗ ಮಕ್ಕಳು ಕೊಯಮತ್ತೂರಿಗೆ ಹೋದರು. ೨೦೦೯ರ ನವೆಂಬರಿನ ಮಳೆಯಲ್ಲಿ ಗುಡ್ಡಗಳು ಕುಸಿದು ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡ ಆ ರಾತ್ರಿಗಳನ್ನು ನೆನೆದು ಅಜ್ಜಿ ಕೆಲಹೊತ್ತು ಸುಮ್ಮನಾದರು. ಆಮೇಲೆ, “ಹಟ್ಟಿಯ ಹೆಸರಿನಲ್ಲಿ ಹಳ್ಳವಿದೆ, ಬೇಸಗೆಯಲ್ಲಿ ನೀರು ಮಾತ್ರ ಇಲ್ಲ” ಎಂಬರ್ಥದ ಮಾತನ್ನಾಡಿದರು.

ಬಡಗ ಎಂದರೆ ಉತ್ತರ. ಇವರ ಪೂರ್ವಿಕರು ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬಂದರೆಂಬುದು ಪರಂಪರೆಯ ಮಾತು. ಇವರ ನುಡಿಯನ್ನು ಹಿಂದೆ ಕನ್ನಡದ ಉಪಭಾಷೆಯೆಂದು ಎಣಿಸುತ್ತಿದ್ದರು. ಇಂದು ಅನೇಕ ವಿದ್ವಾಂಸರು ಅದನ್ನು ಸ್ವತಂತ್ರ ಭಾಷೆಯೆನ್ನುತ್ತಾರೆ, ಆಡುವವರ ಅಭಿಮಾನವೂ ಹಾಗೆಯೇ ಇದೆ. ಅದನ್ನು ನಮ್ಮದೆಂದು ಸೆಳೆದುಕೊಳ್ಳುವ ಅಗತ್ಯವಿಲ್ಲ. ಒಡಹುಟ್ಟಿದ ನುಡಿಯೆಂದರೆ ಸಾಕು. ಅದರ ಕಷ್ಟ ನಮಗೆ ಅರ್ಥವಾಗುತ್ತದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ದುಡಿಮೆಗೆ ಮತ್ತೊಂದು ಎಂಬ ಬಾಳು ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಗಡಿಯ ಮನೆಮನೆಯ ಕಥೆಯಲ್ಲವೇ?

ಬೆಟ್ಟ, ಹಟ್ಟಿ, ಕೇರಿ, ಹಳ್ಳ ಎಂಬ ಹೆಸರುಗಳು ನೆಲವನ್ನು ನಡೆದು ತಿಳಿದವರು ಇಟ್ಟವು. ಹಳ್ಳವು ಬತ್ತಿದ ಮೇಲೆ ಹೆಸರು ಬರಿಯ ಫಲಕವಾಗುತ್ತದೆ. ಹೆಸರನ್ನು ಮರೆತರೆ ಹಳ್ಳವಿತ್ತೆಂಬುದೇ ಮರೆಯುತ್ತದೆ. ಆದ್ದರಿಂದ ವಾಚಕರು ಮಕ್ಕಳನ್ನು ಕರೆದುಕೊಂಡು ಒಮ್ಮೆ ನವೆಂಬರಿನಲ್ಲಿ ಈ ಬೆಟ್ಟವನ್ನು ಹತ್ತಲಿ. ಬೆಚ್ಚನೆಯ ಉಡುಪು, ಮಳೆಯಂಗಿ ಸಂಗಡವಿರಲಿ. ಮಧ್ಯಾಹ್ನದ ಮಂಜು ಕವಿಯುವ ಮುನ್ನ ಇಳಿಯಲಿ. ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಊರಿನ ಹೆಸರನ್ನೂ ಬಿಡಿಸಿ ಅದರ ಅರ್ಥವನ್ನು ಮಕ್ಕಳಿಂದಲೇ ಹೇಳಿಸಲಿ.